ಬೀದಿನಾಯಿಗಳಿಗೆ ವಿನ್‌ಕ್ರಿಸ್ಟಿನ್ ಕೊಡುತ್ತಾ ಬಂದ ನನ್ನ ಅನುಭವ

ಕೀಮೋಥೆರಪಿ ಎಂಬ ಮಾತು ಬಂದೊಡನೆ ನಾಯಿಯನ್ನು ಕರೆತಂದವರ ಮುಖ ಬಾಡುತ್ತದೆ. ಮನೆಯಲ್ಲಿಯೋ ನೆಂಟರಲ್ಲಿಯೋ ಕ್ಯಾನ್ಸರ್ ಚಿಕಿತ್ಸೆಯನ್ನು ಹತ್ತಿರದಿಂದ ಕಂಡವರಾದರೆ, ಮೂಕಪ್ರಾಣಿಗೆ ಅಂಥ ಹಿಂಸೆ ಯಾಕೆ ಎಂದೇ ಕೇಳುತ್ತಾರೆ. ಮೈಸೂರಿನಲ್ಲಿ ನಾಯಿ ಬೆಕ್ಕುಗಳ ಚಿಕಿತ್ಸೆಯಲ್ಲಿ ತೊಡಗಿರುವ ನಾನು ಅತಿ ಹೆಚ್ಚು ಬಾರಿ ಕೊಟ್ಟಿರುವ ಕೀಮೋ ಔಷಧ ವಿನ್‌ಕ್ರಿಸ್ಟಿನ್. ಅದನ್ನು ಕೊಟ್ಟಿರುವುದು ಬಹುಪಾಲು ಬೀದಿನಾಯಿಗಳಿಗೆ, ನಾವು ಟಿ.ವಿ.ಟಿ. ಎಂದು ಕರೆಯುವ, ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಗಡ್ಡೆಗಾಗಿ. ಪಶುವೈದ್ಯಕೀಯದಲ್ಲಿ ನಾವು ಚಿಕಿತ್ಸೆ ನೀಡುವ ಹೆಚ್ಚಿನ ಕ್ಯಾನ್ಸರುಗಳಲ್ಲಿ ಉಳಿದ ಆಯುಸ್ಸನ್ನು ನೋವಿಲ್ಲದೆ ಕಳೆಯುವಂತೆ ಮಾಡುವುದೇ ಗುರಿಯಾಗಿದ್ದರೆ, ಪೂರ್ತಿ ಗುಣವಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದಾದ ಕೆಲವೇ ಕ್ಯಾನ್ಸರುಗಳಲ್ಲಿ ಇದು ಒಂದು.

ಈ ಗಡ್ಡೆಯ ಸ್ವಭಾವವೇ ವಿಚಿತ್ರ. ಇಲ್ಲಿ ಹರಡುವುದು ವೈರಾಣುವಲ್ಲ, ಜೀವಂತ ಕ್ಯಾನ್ಸರ್ ಕೋಶವೇ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗಡ್ಡೆಯ ಕೋಶಗಳಲ್ಲಿ ಸಾಮಾನ್ಯವಾಗಿ 57ರಿಂದ 64 ಮಾತ್ರ ಇರುತ್ತವೆ. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯಲ್ಲಿ ಹುಟ್ಟಿದ ಕೋಶದ ಸಂತತಿಯೇ ಇಂದಿಗೂ ನಾಯಿಯಿಂದ ನಾಯಿಗೆ ದಾಟುತ್ತಾ ಬಂದಿದೆ. 1876ರಲ್ಲಿ ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ ಈ ಗಡ್ಡೆಯ ತುಣುಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಕಸಿಮಾಡಿ ಬೆಳೆಸಿ ತೋರಿಸಿದ್ದರು. ಜನನಾಂಗವನ್ನು ಮೂಸುವಾಗ, ನೆಕ್ಕುವಾಗಲೂ ಕೋಶಗಳು ಅಂಟಿಕೊಳ್ಳುವುದರಿಂದ ಕೆಲವು ನಾಯಿಗಳಲ್ಲಿ ಅದು ಮೂಗಿನೊಳಗೆ ಬೆಳೆಯುತ್ತದೆ.

ಕರೆತರುವವರ ದೂರು ಬಹುಮಟ್ಟಿಗೆ ಒಂದೇ: ರಕ್ತ ತೊಟ್ಟಿಕ್ಕುತ್ತಿದೆ. ಹೆಣ್ಣಾದರೆ ಬೆದೆಗೆ ಬಂದಿದೆ ಎಂದುಕೊಂಡು, ಗಂಡಾದರೆ ಮೂತ್ರದ ಸೋಂಕು ಎಂದುಕೊಂಡು ವಾರಗಟ್ಟಲೆ ಕಾದಿರುತ್ತಾರೆ. ಪರೀಕ್ಷಿಸಿದರೆ ಮುಟ್ಟಿದೊಡನೆ ರಕ್ತ ಒಸರುವ, ಹೂಕೋಸಿನಂಥ ಗಡ್ಡೆ ಕಾಣುತ್ತದೆ. ಅದಕ್ಕೆ ಗಾಜಿನ ಸ್ಲೈಡನ್ನು ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ದುಂಡನೆಯ ಕೋಶಗಳೂ ಅವುಗಳ ಒಳಗೆ ಸಾಲುಗಟ್ಟಿದ ಸಣ್ಣ ಖಾಲಿ ಗುಳ್ಳೆಗಳೂ ಕಂಡರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಮೂಗಿನಿಂದ ರಕ್ತ ಬರುತ್ತಿರುವ ನಾಯಿಯಲ್ಲಿ ಮಾತ್ರ ಉಣ್ಣೆಹುಳು ಕಚ್ಚುವುದರಿಂದ ಬರುವ ಎರ್ಲಿಕಿಯೋಸಿಸ್ ಎಂಬ ಸೋಂಕು ಇದೆಯೇ ಎಂಬುದನ್ನು ಮೊದಲು ನೋಡಬೇಕು. ನಮ್ಮ ಭಾಗದಲ್ಲಿ ಆ ರೋಗ ಬಹಳ ಸಾಮಾನ್ಯ. ಅದು ಪ್ಲೇಟ್‌ಲೆಟ್‌ಗಳನ್ನೂ ಕೆಲವೊಮ್ಮೆ ಬಿಳಿರಕ್ತಕಣಗಳನ್ನೂ ಕುಗ್ಗಿಸುವುದರಿಂದ, ತಿಳಿಯದೆ ಕೀಮೋ ಆರಂಭಿಸಿದರೆ ಮುಂದೆ ರಕ್ತಪರೀಕ್ಷೆಯ ಯಾವ ಅಂಕಿಯನ್ನು ಯಾವುದರ ತಲೆಗೆ ಕಟ್ಟುವುದೆಂದು ಗೊತ್ತಾಗುವುದಿಲ್ಲ.

ವಿನ್‌ಕ್ರಿಸ್ಟಿನ್ ಸಿಗುವುದು ನಮ್ಮ ಮನೆಯಂಗಳಗಳಲ್ಲಿ ಬೆಳೆಯುವ ಕಾಶಿಕಣಗಿಲೆ ಅಥವಾ ನಿತ್ಯಪುಷ್ಪದ ಗಿಡದಿಂದ. ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆದುಕೊಳ್ಳಲು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಸೂಕ್ಷ್ಮ ಎಳೆಗಳು ಕಟ್ಟಿಕೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಈ ಪ್ರೋಟೀನಿಗೆ ಅಂಟಿಕೊಂಡು ಎಳೆಗಳು ಕಟ್ಟಿಕೊಳ್ಳದಂತೆ ತಡೆಯುವುದರಿಂದ ಕೋಶವು ವಿಭಜನೆಯ ನಡುಹಾದಿಯಲ್ಲೇ ನಿಂತು ಸಾಯುತ್ತದೆ. ಅದರ ಅಡ್ಡಪರಿಣಾಮಗಳ ಮೂಲವೂ ಇಲ್ಲೇ ಇದೆ. ಔಷಧಕ್ಕೆ ಗಡ್ಡೆಯ ಕೋಶವೂ ಗೊತ್ತಿಲ್ಲ, ಮಜ್ಜೆಯ ಕೋಶವೂ ಗೊತ್ತಿಲ್ಲ. ಬೇಗ ವಿಭಜಿಸುವುದು ಯಾವುದಾದರೂ ಅದಕ್ಕೆ ಒಂದೇ. ಹೀಗಾಗಿ ಮೂಳೆಮಜ್ಜೆ, ಕರುಳಿನ ಒಳಪದರ ಮತ್ತು ಕೂದಲಿನ ಬೇರು ಪೆಟ್ಟು ತಿನ್ನುತ್ತವೆ. ನರಗಳೊಳಗೂ ಇದೇ ಎಳೆಗಳು ಸಾಗಣೆಯ ಕೆಲಸ ಮಾಡುವುದರಿಂದ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆಯೂ ಆಗಬಹುದು.

ಔಷಧವನ್ನು ವಾರಕ್ಕೊಮ್ಮೆ, ರಕ್ತನಾಳದೊಳಗೆ ಮಾತ್ರ ಕೊಡಬೇಕು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 0.5ರಿಂದ 0.7 ಮಿಲಿಗ್ರಾಂ, ಅಥವಾ ತೂಕದ ಪ್ರತಿ ಕಿಲೋಗೆ 0.025 ಮಿಲಿಗ್ರಾಂ ಎಂಬುದು ರೂಢಿಯ ಪ್ರಮಾಣ. 16 ಕಿಲೋ ತೂಗುವ ಬೀದಿನಾಯಿಗೆ ಎರಡು ಲೆಕ್ಕಗಳೂ ಹೆಚ್ಚುಕಡಿಮೆ 0.4 ಮಿಲಿಗ್ರಾಂ ಆಸುಪಾಸಿನಲ್ಲೇ ಬರುತ್ತವೆ. ಆದರೆ 5 ಕಿಲೋದ ಸಣ್ಣ ನಾಯಿಗೆ ಮೇಲ್ಮೈ ಲೆಕ್ಕದ ಮೇಲಿನ ಮಿತಿ ಹಿಡಿದರೆ ಸುಮಾರು 0.2 ಮಿಲಿಗ್ರಾಂ, ತೂಕದ ಲೆಕ್ಕ ಹಿಡಿದರೆ ಕೇವಲ 0.125, ಸಣ್ಣ ನಾಯಿಗಳಿಗೆ ನಾನು ತೂಕದ ಲೆಕ್ಕವನ್ನೇ ನಂಬುತ್ತೇನೆ. ಪ್ರತಿ ಸಲವೂ ಹೊಸದಾಗಿ ತೂಕ ಮಾಡಿ, ಆ ದಿನದ ರಕ್ತಪರೀಕ್ಷೆ ನೋಡಿಯೇ ಸಿರಿಂಜು ಕೈಗೆತ್ತಿಕೊಳ್ಳುತ್ತೇನೆ. ಒಂದು ಮೈಕ್ರೋಲೀಟರಿಗೆ ಬಿಳಿರಕ್ತಕಣಗಳು 4,000ಕ್ಕಿಂತ ಕಡಿಮೆಯಿದ್ದರೆ ಅಂದಿನ ಇಂಜೆಕ್ಷನ್ ಮುಂದಕ್ಕೆ ಹೋಗುತ್ತದೆ. ದೂರದಿಂದ ಆಟೋ ಮಾಡಿಕೊಂಡು ಬಂದವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಯಕೃತ್ತು ಹಾಳಾಗಿರುವ ನಾಯಿಯಲ್ಲಿ ಪ್ರಮಾಣ ಇಳಿಸಬೇಕು, ಏಕೆಂದರೆ ಈ ಔಷಧ ಪಿತ್ತದ ಮೂಲಕವೇ ಹೊರಹೋಗುತ್ತದೆ. ಕೋಲಿ ಜಾತಿಯ ನಾಯಿಗಳಲ್ಲಿ ಎಂ.ಡಿ.ಆರ್.1 ಎಂಬ ವಂಶವಾಹಿಯ ದೋಷ ಸಾಮಾನ್ಯವಾದ್ದರಿಂದ ಅವುಗಳಿಗೆ ಮಾಮೂಲಿ ಪ್ರಮಾಣವೂ ವಿಷವಾಗಬಲ್ಲದು.

ನನ್ನ ಅಭಿಪ್ರಾಯದಲ್ಲಿ ಈ ಚಿಕಿತ್ಸೆಯ ನಿಜವಾದ ಅಪಾಯ ವಾಂತಿಯಲ್ಲಾಗಲಿ ಮಜ್ಜೆಯಲ್ಲಾಗಲಿ ಇಲ್ಲ, ಸೂಜಿಯ ತುದಿಯಲ್ಲಿದೆ. ವಿನ್‌ಕ್ರಿಸ್ಟಿನ್ ರಕ್ತನಾಳದಿಂದ ಸ್ವಲ್ಪವೇ ಹೊರಗೆ ಸೋರಿದರೂ ಸುತ್ತಲಿನ ಚರ್ಮ ಮತ್ತು ಮಾಂಸ ಕೊಳೆತು ವಾರಗಟ್ಟಲೆ ಮಾಯದ ಹುಣ್ಣಾಗುತ್ತದೆ. ಆದ್ದರಿಂದ ಔಷಧ ತುಂಬಿದ ಸಿರಿಂಜಿನ ಸೂಜಿಯಿಂದ ನಾನು ಎಂದೂ ನೇರವಾಗಿ ಚುಚ್ಚುವುದಿಲ್ಲ. ಮುಂಗಾಲಿನ ಕೂದಲು ಬೋಳಿಸಿ, ಅಂದು ಯಾರೂ ಚುಚ್ಚದ ರಕ್ತನಾಳಕ್ಕೆ ಒಂದೇ ಪ್ರಯತ್ನದಲ್ಲಿ ಕ್ಯಾನುಲಾ ಎಂಬ ತೆಳು ಕೊಳವೆಯನ್ನು ಕೂಡಿಸುತ್ತೇನೆ; ಒಂದು ಸಲ ತಪ್ಪಿದರೆ ಅದೇ ರಕ್ತನಾಳದ ಕೆಳಭಾಗವನ್ನು ಹುಡುಕದೆ ಇನ್ನೊಂದು ಕಾಲಿಗೆ ಹೋಗುತ್ತೇನೆ, ಏಕೆಂದರೆ ಮೇಲಿನ ತೂತಿನಿಂದ ಔಷಧ ಜಿನುಗಬಹುದು. ಮೊದಲು ಸಲೈನ್ ಬಿಟ್ಟು, ತುದಿಯ ಮೇಲೆ ಬೆರಳಿಟ್ಟು ಊತ ಏಳುತ್ತದೆಯೇ ನೋಡುತ್ತೇನೆ. ಸಿರಿಂಜಿಗೆ ರಕ್ತ ಸರಾಗವಾಗಿ ಹಿಂದೆ ಬಂದರೆ ಮಾತ್ರ ಔಷಧ, ಆಮೇಲೆ ಮತ್ತೆ ಸಲೈನ್. ನಾಯಿಯನ್ನು ಹಿಡಿದುಕೊಳ್ಳುವ ಸಹಾಯಕ ಪಳಗಿದವನಾಗಿರಬೇಕು; ಬೀದಿನಾಯಿ ಒಮ್ಮೆ ಕೊಸರಿಕೊಂಡರೆ ಇಷ್ಟೆಲ್ಲ ಎಚ್ಚರವೂ ವ್ಯರ್ಥ. ಅಕಸ್ಮಾತ್ ಸೋರಿದರೆ ಕ್ಯಾನುಲಾ ಕೀಳುವ ಮೊದಲೇ ಅದರ ಮೂಲಕ ಎಳೆಯಬಹುದಾದಷ್ಟನ್ನು ಹಿಂದಕ್ಕೆಳೆದು, ಸೋರಿದ ಔಷಧವನ್ನು ಚದುರಿಸುವ ಹೈಯಲುರೊನಿಡೇಸ್ ಕೊಟ್ಟು, ಬಿಸಿ ಶಾಖ ಕೊಡಬೇಕು. ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕೀಮೋ ಔಷಧ ಸೋರಿದಾಗ ಕ್ರಮ ಇದಕ್ಕೆ ವಿರುದ್ಧ. ಅಲ್ಲಿ ತಂಪು ಕೊಡಬೇಕು.

“ಡಾಕ್ಟ್ರೇ, ಕೂದಲೆಲ್ಲಾ ಉದುರಿ ಹೋಗುತ್ತಾ?” ಎಂಬುದು ಎಲ್ಲರ ಮೊದಲ ಪ್ರಶ್ನೆ. ಊರುನಾಯಿಯ ಕೂದಲು ಉದುರುವುದು ತೀರ ಅಪರೂಪ. ಪೂಡಲ್‌ನಂತೆ ಕೂದಲು ನಿರಂತರವಾಗಿ ಬೆಳೆಯುವ ಜಾತಿಗಳಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಹೆಚ್ಚಿನ ನಾಯಿಗಳು ಒಂದೆರಡು ದಿನ ಅನ್ನ ಬಿಡುತ್ತವೆ, ಕೆಲವು ವಾಂತಿ ಮಾಡುತ್ತವೆ. ಬಿಳಿರಕ್ತಕಣಗಳು ತೀರ ಇಳಿಯುವುದು ಸುಮಾರು ವಾರದ ಹೊತ್ತಿಗೆ. ಆಗ ಜ್ವರ ಬಂದು ನಾಯಿ ಮಂಕಾದರೆ ಅದೇ ದಿನ ಕರೆತರಬೇಕೆಂದು ಚೀಟಿಯ ಮೇಲೆ ಬರೆದುಕೊಡುತ್ತೇನೆ. ಎರಡು ಮೂರು ದಿನಗಳವರೆಗೆ ಅದರ ಮಲಮೂತ್ರವನ್ನು ಕೈಗವಸು ಹಾಕಿಕೊಂಡೇ ತೆಗೆಯಬೇಕು, ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕು. ನಾಯಿಯ ಅನುಭವವನ್ನು ಬೆಕ್ಕಿಗೆ ಅನ್ವಯಿಸುವಂತೆಯೂ ಇಲ್ಲ: ನಾಯಿಗೆ ಕೊಡಬಹುದಾದ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ.

ಚಿಕಿತ್ಸೆ ಸೋಲುವುದು ಹೆಚ್ಚಾಗಿ ಔಷಧದಿಂದಲ್ಲ. ಎರಡು ಇಂಜೆಕ್ಷನ್ ಆಗುವಷ್ಟರಲ್ಲಿ ರಕ್ತ ನಿಲ್ಲುತ್ತದೆ, ಗಡ್ಡೆ ಸುಕ್ಕುತ್ತದೆ, ಬೀದಿಯಲ್ಲಿ ಅನ್ನ ಹಾಕಿ ಸಾಕಿದವರಿಗೆ ವಾಸಿಯಾದಂತೆ ಕಾಣುತ್ತದೆ. ಮೂರನೆಯ ವಾರ ನಾಯಿಯೂ ಸಿಗುವುದಿಲ್ಲ, ಅವರಿಗೂ ಅವಸರವಿರುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಕೆಲವಕ್ಕೆ ಎಂಟು. ನಡುವೆ ಬಿಟ್ಟರೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ, ಆಗ ವಿನ್‌ಕ್ರಿಸ್ಟಿನ್‌ಗೆ ಬಗ್ಗದೆಯೂ ಇರಬಹುದು. ಮುಂದಿನ ದಾರಿಯಾದ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ಮೆಲ್ಲಗೆ ಕೆಡಿಸುವಂಥದ್ದು. ಅದನ್ನು ಮುಟ್ಟುವ ಪ್ರಸಂಗ ಬರದಿರಲಿ ಎಂದೇ, ಪೂರ್ತಿ ಅವಧಿಗೆ ಕಟ್ಟಿಹಾಕಿಕೊಳ್ಳಲು ಜಾಗವಿದ್ದವರಿಗೆ ಮಾತ್ರ ನಾನು ಚಿಕಿತ್ಸೆ ಆರಂಭಿಸುತ್ತೇನೆ, ಜಾಗವಿಲ್ಲದಿದ್ದರೆ ಮೊದಲು ಅದನ್ನು ಹುಡುಕಿಸುತ್ತೇನೆ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಇದೇ ಅವಧಿಯಲ್ಲಿ ಮುಗಿಸಿಬಿಡಿ ಎಂದು ಕೆಲವರು ಒತ್ತಾಯಿಸುತ್ತಾರೆ. ಗಡ್ಡೆ ಕಣ್ಣಿಗೆ ಕಾಣದಂತೆ ಕರಗಿ, ಬಿಳಿರಕ್ತಕಣಗಳು ಮೊದಲಿನ ಮಟ್ಟಕ್ಕೆ ಬಂದ ಮೇಲೆಯೇ ಅದನ್ನು ಮಾಡುತ್ತೇನೆ. ಅಲ್ಲಿಯವರೆಗೆ ಹೊಲಿಗೆ ಮಾಯುವುದೂ ತಡ, ಸೋಂಕು ತಗಲುವುದೂ ಸುಲಭ.