ಮನೆಯಲ್ಲಿ ಸಾವಾದಾಗ ಮೊದಲ ಫೋನ್ ಯಾರಿಗೆ?

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನ್ ನೆಂಟರಿಗೆ ಹೋಗುತ್ತದೆ, ಆಮೇಲೆ ಪುರೋಹಿತರಿಗೆ. ಡಾಕ್ಟರ್ ನೆನಪಾಗುವುದು ಚಿತಾಗಾರದ ಕಚೇರಿಯಲ್ಲಿ ಕಾಗದ ಕೇಳಿದಾಗ. ಹೀಗಾಗಬಾರದು ಅಂದರೆ ಮೊದಲ ಫೋನ್ ಡಾಕ್ಟರಿಗೇ ಮಾಡಿ.

ಕಾಯಿಲೆಗೆ ಔಷಧ ಕೊಡುತ್ತಿದ್ದ ಡಾಕ್ಟರೇ ಬಂದರೆ ಒಳ್ಳೆಯದು. ಹೊಸಬರು ಸಾವಿನ ಕಾರಣ ಬರೆಯಲು ಹಿಂದೇಟು ಹಾಕುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಹಳೆಯ ಚೀಟಿ, ರಿಪೋರ್ಟ್‌ಗಳನ್ನು ತೆಗೆದಿಡಿ. ಸಾವಿನ ಕಾರಣ ತಿಳಿಸುವ ಪತ್ರವಾಗಿ ಡಾಕ್ಟರ್ ತುಂಬಿಕೊಡುವುದು ಮನೆಯಲ್ಲಿ ಸತ್ತರೆ ಫಾರಂ 4ಎ, ಆಸ್ಪತ್ರೆಯಲ್ಲಾದರೆ ಫಾರಂ 4. 'ಹೃದಯ ನಿಂತಿತು' ಎಂದಷ್ಟೇ ಬರೆದರೆ ಅದು ಕಾರಣವಲ್ಲ. ಹೃದಯ ನಿಲ್ಲುವಂತೆ ಮಾಡಿದ ಕಾಯಿಲೆ ಯಾವುದು ಎಂದು ಬರೆಸಿ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಎಂದು ಅಲ್ಲೇ ನೋಡಿಕೊಳ್ಳಿ. ಹೂಳುವ ಪದ್ಧತಿಯವರೂ ಈ ಕಾಗದ ಇಟ್ಟುಕೊಳ್ಳಬೇಕು.

ಅಪಘಾತ, ಆತ್ಮಹತ್ಯೆ, ಏನಾದರೂ ಅನುಮಾನ ಇದ್ದರೆ ವಿಷಯ ಬೇರೆ. ಪೊಲೀಸರಿಗೆ ತಿಳಿಸಲೇಬೇಕು. ಮರಣೋತ್ತರ ಪರೀಕ್ಷೆ ಮುಗಿಯುವ ತನಕ ದೇಹಕ್ಕೆ ಸ್ನಾನ ಮಾಡಿಸಬೇಡಿ, ಎಂಬಾಮಿಂಗ್ (ದೇಹ ಬೇಗ ಕೆಡದಂತೆ ಒಳಗೆ ದ್ರವ ತುಂಬುವುದು) ಅಂತೂ ಬೇಡವೇ ಬೇಡ.

ಕಣ್ಣು ದಾನ ಮಾಡುವ ಮನಸ್ಸಿದ್ದರೆ ಗಡಿಯಾರ ನೋಡಿ. 6 ಗಂಟೆಯೊಳಗೆ ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಡಿ. ವಯಸ್ಸಾಗಿದೆ, ಕನ್ನಡಕ ಇತ್ತು, ಪೊರೆ ಆಪರೇಷನ್ ಆಗಿದೆ ಎಂದು ಸುಮ್ನೆ ಕೈಬಿಡಬೇಡಿ, ಅವು ಅಡ್ಡಿಯಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳು ದಾನವಾದದ್ದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ಮುಂದಿನ ಪ್ರಶ್ನೆ: ಮಗ ಅಮೆರಿಕದಿಂದ ಬರಬೇಕು, ಎಂಬಾಮಿಂಗ್ ಮಾಡಿಸೋಣವೇ? ಒಂದೆರಡು ದಿನದ ಮಾತಾದರೆ ಬಹಳ ಸಲ ಬೇಕಿಲ್ಲ. ಬಾಡಿಗೆಯ ಫ್ರೀಜರ್ ಬಾಕ್ಸ್ ಅಥವಾ ಆಸ್ಪತ್ರೆಯ ಶವಾಗಾರ ಸಾಕು. ಬಾಕ್ಸ್ ತರಿಸಿದರೆ ಅದಕ್ಕೆಂದೇ ಒಂದು ಗಟ್ಟಿ ಪ್ಲಗ್ ಪಾಯಿಂಟ್ ಬಿಡಿ, ಕರೆಂಟ್ ಹೋದರೆ ಏನು ಎಂದು ತಂದವರನ್ನೇ ಕೇಳಿ. ಬಂದವರೆಲ್ಲ ಮುಖ ನೋಡಲು ಮುಚ್ಚಳ ತೆಗೆಯುತ್ತಾ ಹೋದರೆ ತಂಪು ನಿಲ್ಲುವುದಿಲ್ಲ, ಗಾಜಿನಿಂದಲೇ ನೋಡಲಿ.

ಎಂಬಾಮಿಂಗ್ ಎಂದರೆ ಕುತ್ತಿಗೆ ಅಥವಾ ತೊಡೆಯ ರಕ್ತನಾಳದ ಮೂಲಕ ಫಾರ್ಮಲಿನ್ ಇರುವ ದ್ರವವನ್ನು ಒಳಗೆ ತುಂಬುವುದು. ದೇಹ ಕೊಳೆಯುವುದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಮೆಡಿಕಲ್ ಕಾಲೇಜಿನ ಅನಾಟಮಿ ಅಥವಾ ಫೊರೆನ್ಸಿಕ್ ವಿಭಾಗದವರು ಮಾಡಿ ಪ್ರಮಾಣ ಪತ್ರ ಕೊಡುತ್ತಾರೆ. ಇದು ನಿಜವಾಗಿ ಬೇಕಾಗುವುದು ದೇಹವನ್ನು ವಿಮಾನದಲ್ಲಿ ಕಳಿಸುವಾಗ. ಆಗ ಈ ಪತ್ರದ ಜೊತೆ ಸಾವಿನ ದಾಖಲೆ, ಪೊಲೀಸರ ನಿರಾಕ್ಷೇಪಣಾ ಪತ್ರ, ಪೆಟ್ಟಿಗೆ ಸರಿಯಾಗಿ ಮುಚ್ಚಿದ್ದಕ್ಕೆ ಪತ್ರ ಎಲ್ಲ ಕೇಳುತ್ತಾರೆ. ಪೆಟ್ಟಿಗೆ ಹೋಗುವುದು ಸರಕಿನ ಲೆಕ್ಕದಲ್ಲಿ, ಹಾಗಾಗಿ ವಿಚಾರಿಸಬೇಕಾದದ್ದು ಕಾರ್ಗೋ ವಿಭಾಗದಲ್ಲಿ. ಗಲ್ಫ್‌ನಿಂದ ತರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ಶುರುಮಾಡಬೇಕು. ಪಾಸ್‌ಪೋರ್ಟ್ ರದ್ದು ಮಾಡುವುದೂ ಅವರೇ.

ಇನ್ನು ದಹನ. ಬೆಂಗಳೂರಿನಲ್ಲಿ ವಿಲ್ಸನ್ ಗಾರ್ಡನ್, ಹೆಬ್ಬಾಳ, ಬನಶಂಕರಿಯಂಥ ಕಡೆ ವಿದ್ಯುತ್ ಚಿತಾಗಾರಗಳಿವೆ. ಮನೆಯಿಂದ ಹೊರಡುವ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ಸೌದೆಯಲ್ಲಾದರೆ ನೂರಾರು ಕಿಲೋ ಕಟ್ಟಿಗೆ ಬೇಕು, ಅಸ್ಥಿಗೆ ಮರುದಿನದವರೆಗೆ ಕಾಯಬೇಕು. ವಿದ್ಯುತ್ತಿನಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ. ಎದೆಯಲ್ಲಿ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿಡುವ ಪುಟ್ಟ ಯಂತ್ರ) ಇದ್ದರೆ ಮುಚ್ಚಿಡಬೇಡಿ. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ, ಕುಲುಮೆಗೂ ಪೆಟ್ಟು, ಪಕ್ಕದಲ್ಲಿ ನಿಂತ ಕೆಲಸಗಾರನಿಗೂ ಅಪಾಯ. ಡಾಕ್ಟರ್ ಫಾರಂ ಬರೆಯಲು ಬಂದಾಗಲೇ ಹೇಳಿದರೆ ತೆಗೆಯುವ ವ್ಯವಸ್ಥೆ ಆಗುತ್ತದೆ. ಬೆರಳಿನಲ್ಲಿ ಕಚ್ಚಿಕೊಂಡ ಉಂಗುರಕ್ಕೆ ಸೋಪು ನೀರು ಸಾಕು, ಆದರೆ ಮನೆಯಲ್ಲೇ ತೆಗೆಯಿರಿ.

ಚಿತಾಗಾರ ಕೊಟ್ಟ ರಸೀದಿಯೇ ಮರಣ ಪ್ರಮಾಣ ಪತ್ರ ಅಂದುಕೊಳ್ಳುವವರು ಜಾಸ್ತಿ. ಅಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ತಡವಾದರೆ ಶುಲ್ಕ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ. ನೋಂದಣಿ ಆಗುವುದು ಸತ್ತ ಜಾಗದಲ್ಲೇ. ಹಾಸನದ ಅಜ್ಜಿ ಬೆಂಗಳೂರಿನ ಮಗಳ ಮನೆಯಲ್ಲಿ ತೀರಿಕೊಂಡರೆ ಹಾಸನಕ್ಕೆ ಓಡಿ ಉಪಯೋಗವಿಲ್ಲ. ಪ್ರತಿಗಳನ್ನು ಒಂದೇ ಸಲ ಹತ್ತಾದರೂ ತೆಗೆದುಕೊಳ್ಳಿ. ಬ್ಯಾಂಕು, ವಿಮೆ, ಪಿಂಚಣಿ, ಆಸ್ತಿಯ ಖಾತೆ ಬದಲಾವಣೆ ಎಲ್ಲದಕ್ಕೂ ಕೇಳುತ್ತಾರೆ.