ಕಾರಣವೇ ಇಲ್ಲದೆ ಗಾಬರಿ ಬಂದಾಗ ಏನು ಮಾಡಬೇಕು

ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಬರುವ ವಿಪರೀತ ಗಾಬರಿ, ನಿಂತು ತಿಂಗಳುಗಳೇ ಆಗಿರುತ್ತವೆ. ಊಟ, ನಿದ್ದೆ ಎಲ್ಲ ಸರಿಯಾಗಿರುತ್ತದೆ. ಒಂದು ಸಂಜೆ ಪಾತ್ರೆ ತೊಳೆಯುವಾಗ ಎದೆ ಢವಢವ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಜಗಳ ಇಲ್ಲ, ಕೆಟ್ಟ ಸುದ್ದಿ ಇಲ್ಲ. ಚೇತರಿಸಿಕೊಳ್ಳುತ್ತಿರುವವರಿಗೆ ಇದರಷ್ಟು ಹೆದರಿಕೆ ಹುಟ್ಟಿಸುವುದು ಇನ್ನೊಂದಿಲ್ಲ. ಹಾಗಂತ ಕಾಯಿಲೆ ಪೂರ್ತಿ ಮರಳಿತು ಎಂದುಕೊಳ್ಳಬೇಡಿ. ಗುಣವಾಗುವ ದಾರಿಯಲ್ಲಿ ಇಂಥ ದಿನಗಳು ಬಂದೇ ಬರುತ್ತವೆ.

ನಾನು ಹಾಸನದಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂರುವವಳು. ನನಗೆ ಗಾಬರಿ ಬರುವುದು ಜನ ಗಿಜಿಗುಡುವಾಗ ಅಲ್ಲ, ಮಧ್ಯಾಹ್ನ ಎಲ್ಲ ಖಾಲಿಯಾದ ಮೇಲೆ. ಬಹಳ ಜನ ಹೀಗೇ ಹೇಳುತ್ತಾರೆ.

ಮೊದಲ ಮಾತು: ಆ ಹೊತ್ತಿನಲ್ಲಿ ಕಾರಣ ಹುಡುಕಬೇಡಿ. ಹುಡುಕಲು ಹೊರಟರೆ ನಾಡಿ ನೋಡುತ್ತೀರಿ, ಉಸಿರು ಗಮನಿಸುತ್ತೀರಿ, ಏನೋ ಒಂದು ಸಿಕ್ಕೇ ಸಿಗುತ್ತದೆ. ಆಗ ಮಿದುಳು ‘ಅಪಾಯ ಇರುವುದು ನಿಜ’ ಎಂದುಕೊಂಡು ಎದೆಬಡಿತ ಏರಿಸುವ ಅಡ್ರಿನಲಿನ್ ಹಾರ್ಮೋನನ್ನು ಇನ್ನಷ್ಟು ಬಿಡಿಸುತ್ತದೆ. ಒಮ್ಮೆ ಕಳ್ಳ ಹೊಕ್ಕ ಮನೆಯ ನಾಯಿ ಎಲೆ ಅಲುಗಿದರೂ ಬೊಗಳುತ್ತದೆ, ಅಲ್ವಾ? ಪ್ಯಾನಿಕ್ ಕಂಡ ಮೈಯೂ ಹಾಗೇ.

ಆಮೇಲೆ ಉಸಿರು. ಗಾಬರಿಯಲ್ಲಿ ನಾವು ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದಕ್ಕೇ. ಜೋರಾಗಿ ಗಾಳಿ ಎಳೆದುಕೊಂಡರೆ ಇದು ಜಾಸ್ತಿಯಾಗುತ್ತದೆ. ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ಹೊರಗೆ. ಗಾಬರಿಯನ್ನು ಓಡಿಸಲು ಇದನ್ನು ಮಾಡಬೇಡಿ, ಅದು ಇದ್ದರೆ ಇರಲಿ.

ಮಾಡುತ್ತಿದ್ದ ಕೆಲಸ ಬಿಡಬೇಡಿ, ನಿಧಾನ ಮಾಡಿ. ನಾನು ಚಲನ್‌ಗಳನ್ನು ಜೋಡಿಸುತ್ತಲೇ ಇರುತ್ತೇನೆ. ಕೈ ನಡುಗಿದರೆ ನಡುಗಲಿ. ಎದ್ದು ಹೊರಗೆ ಓಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ ‘ಓಡಿದ್ದಕ್ಕೇ ಬದುಕಿದೆ’ ಎಂದು ಮೈ ಕಲಿತುಬಿಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಗಾಬರಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಕೈಗಡಿಯಾರದಲ್ಲಿ ಎದೆಬಡಿತ ತೋರಿಸುವುದನ್ನು ಆಫ್ ಮಾಡಿಡಿ. ನನಗೆ ಇದರಿಂದಲೇ ಅರ್ಧ ನೆಮ್ಮದಿ ಸಿಕ್ಕಿತು.

ಕಾರಣ ನೋಡಲೇಬೇಕಿದ್ದರೆ ಮರುದಿನ ನೋಡಿ. ನಿದ್ದೆ ಕೆಟ್ಟಿತ್ತಾ? ಊಟ ತಪ್ಪಿತ್ತಾ? ಮುಟ್ಟಿನ ದಿನ ಹತ್ತಿರವಿತ್ತಾ? ಮಾತ್ರೆ ಮರೆತಿರಾ? ಕಾಫಿ? ಸಕಲೇಶಪುರದ ಕಡೆಯ ನೆಂಟರ ಮನೆಗಳಲ್ಲಿ ಕಾಫಿ ಬೇಡ ಎನ್ನುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದಾರು ಗಂಟೆಯ ಮೇಲೂ ಮೈಯಲ್ಲಿರುತ್ತದೆ. ಅರ್ಧ ಲೋಟ ಸಾಕು ಎನ್ನಿ. ಏನೂ ಸಿಗಲಿಲ್ಲವಾ? ಬಿಟ್ಟುಬಿಡಿ. ಎಲ್ಲಕ್ಕೂ ಕಾರಣ ಸಿಗುವುದಿಲ್ಲ.

ಗಾಬರಿ ಇಲ್ಲದ ದಿನಗಳಲ್ಲಿ ಮಾಡುವ ಅಭ್ಯಾಸವೂ ಇದೆ. ನಿಂತಲ್ಲೇ ಒಂದು ನಿಮಿಷ ಓಡಿ, ಎದೆ ಹೊಡೆದುಕೊಳ್ಳಲಿ, ಸುಮ್ನೆ ನೋಡುತ್ತ ನಿಲ್ಲಿ. ಎದೆ ಜೋರಾಗಿ ಬಡಿದರೆ ಅಪಾಯವೇ ಆಗಬೇಕೆಂದಿಲ್ಲ ಎಂದು ಮೈಗೆ ಗೊತ್ತಾಗಬೇಕು. ಆಪ್ತಸಮಾಲೋಚಕರ ಜೊತೆ ಶುರು ಮಾಡಿದರೆ ಒಳ್ಳೆಯದು. ಹೃದ್ರೋಗ, ಆಸ್ತಮಾ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಪ್ರಜ್ಞೆ ತಪ್ಪಿದರೆ, ಹಿಂದೆಂದೂ ಕಾಣದ ಲಕ್ಷಣ ಕಂಡರೆ ಗಾಬರಿ ಎಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಒಮ್ಮೆ ಪರೀಕ್ಷಿಸಿಕೊಳ್ಳಿ, ಅದು ಹೆಚ್ಚಾದರೂ ಹೀಗೇ ಆಗುತ್ತದೆ. ಚೆನ್ನಾಗಿದ್ದೇನೆ ಎಂದು ಮಾತ್ರೆ ನೀವೇ ನಿಲ್ಲಿಸಬೇಡಿ. ನಡುರಾತ್ರಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮನೆಯವರಿಗೂ ಒಂದು ಮಾತು ಹೇಳಿಡಿ. ‘ಯಾಕಾಯ್ತು, ಏನಾಯ್ತು’ ಎಂದು ಕೇಳುವುದು ಬೇಡ. ಪಕ್ಕದಲ್ಲಿ ಕೂತು, ಆಡುತ್ತಿದ್ದ ಮಾತನ್ನೇ ಮುಂದುವರಿಸಿದರೆ ಸಾಕು.