ಮಣಿಕಟ್ಟು ಮುರಿದ ಮೇಲೆ ನಾನು ಮಾಡಿದ್ದು

ನನ್ನ 57ನೇ ವಯಸ್ಸಿನಲ್ಲಿ ಬಚ್ಚಲುಮನೆಯಿಂದ ಹೊರಗೆ ಬರುವಾಗ ಒದ್ದೆ ನೆಲದಲ್ಲಿ ಜಾರಿದೆ. ಬೀಳುತ್ತಾ ಬಲಗೈ ಊರಿದೆ. ಒಣಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು. ನಾನು ಫಿಸಿಯೋಥೆರಪಿಸ್ಟ್. ಸೊಂಟದ ಮೂಳೆ ಮುರಿದವರನ್ನು ಮತ್ತೆ ಎಬ್ಬಿಸಿ ನಡೆಸುವುದೇ ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸ. ಸೊಟ್ಟಗಾದ ಮಣಿಕಟ್ಟು ನೋಡಿದ ಕೂಡಲೇ ವಿಷಯ ಗೊತ್ತಾಯಿತು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಸವೆತ ಇದೆಯೇ ಎಂದು ನೋಡಿಸಲೇಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ತೊಡೆಮೂಳೆಯ ಕತ್ತಿನಲ್ಲಿ ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7. ಮೈನಸ್ 2.5ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಅದು ಆಸ್ಟಿಯೊಪೊರೋಸಿಸ್, ಮೂಳೆ ಸವೆತದ ಕಾಯಿಲೆ.

ಮುಟ್ಟು ನಿಂತಾಗಿನಿಂದ ದಿನಕ್ಕೆರಡು ಕ್ಯಾಲ್ಸಿಯಂ–ವಿಟಮಿನ್ ಡಿ ಮಾತ್ರೆ ತಪ್ಪಿಸದೆ ನುಂಗಿದ್ದೆ. ಹಾಗಾದರೆ ಅದರಿಂದ ಆದದ್ದೇನು? ಕೈ ನೋವಿನಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಮೂಲ ಅಧ್ಯಯನಗಳನ್ನೇ ಹಿಡಿದು ಓದಿದೆ.

1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ ಅಜ್ಜಿಯರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ ಕೊಟ್ಟಾಗ ಸೊಂಟದ ಮುರಿತ ನಿಜಕ್ಕೂ ಕಡಿಮೆಯಾಗಿತ್ತು. ಆದರೆ ಅವರು ಬಿಸಿಲು ಕಾಣದವರು, ಮೈಯಲ್ಲಿ ವಿಟಮಿನ್ ಡಿ ಕೊರತೆ ಇದ್ದವರು. ಅಮೆರಿಕದಲ್ಲಿ 36 ಸಾವಿರ ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ತೆಗೆದುಕೊಂಡವರ ಸೊಂಟದ ಮೂಳೆಯ ಸಾಂದ್ರತೆ ಶೇ. 1ರಷ್ಟು ಹೆಚ್ಚಿತ್ತು, ಮುರಿತದಲ್ಲಿ ಮಾತ್ರ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಮೂತ್ರಪಿಂಡದ ಕಲ್ಲು ಹೆಚ್ಚಿತ್ತು. 2022ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ತೆಗೆದುಕೊಂಡ ಆರೋಗ್ಯವಂತರಲ್ಲೂ ಮುರಿತ ಇಳಿಯಲಿಲ್ಲ. ನನ್ನನ್ನು ಬೆಚ್ಚಿಸಿದ್ದು 2010ರದ್ದು: ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ವಿಟಮಿನ್ ಡಿ ಒಟ್ಟಿಗೆ ಕೊಟ್ಟರೆ ಬೀಳುವುದೂ ಮುರಿಯುವುದೂ ಎರಡೂ ಹೆಚ್ಚಿದವು.

ಅಂದರೆ ಕೊರತೆ ಇದ್ದವರಿಗೆ ಮಾತ್ರೆ ಬೇಕೇ ಬೇಕು. ಕೊರತೆ ಇಲ್ಲದವರಿಗೆ ಅದು ರಕ್ಷಾಕವಚ ಅಲ್ಲ. ನಾನು ಅದನ್ನು ಕವಚ ಎಂದೇ ನಂಬಿ, ಮಾಡಬೇಕಾದ ಉಳಿದದ್ದನ್ನೆಲ್ಲ ಬಿಟ್ಟಿದ್ದೆ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಸಾಕಷ್ಟಿತ್ತು. ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ಲೆಕ್ಕ ಹಾಕಿದೆ: ಹಾಲು, ಮೊಸರು, ಸೊಪ್ಪು ಸೇರಿ ದಿನಕ್ಕೆ ಸುಮಾರು 800 ಮಿ.ಗ್ರಾಂ ಕ್ಯಾಲ್ಸಿಯಂ. ನನ್ನ ವಯಸ್ಸಿಗೆ ಬೇಕಾದದ್ದು 1200. ವೈದ್ಯರನ್ನು ಕೇಳಿ ಎರಡರ ಬದಲು ಒಂದೇ ಮಾತ್ರೆ ಉಳಿಸಿಕೊಂಡೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಆದ್ದರಿಂದ ಊಟದ ಜೊತೆಗೇ. ಖಾಲಿ ಹೊಟ್ಟೆಯಲ್ಲಿ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಮುರಿತ ತಡೆಯುತ್ತದೆಂದು ಸಾಬೀತಾದ ಔಷಧಿ ಬೇರೆಯೇ ಇದೆ. ವೈದ್ಯರು ವಾರಕ್ಕೊಮ್ಮೆ 70 ಮಿ.ಗ್ರಾಂ ಅಲೆಂಡ್ರೊನೇಟ್ ಬರೆದುಕೊಟ್ಟರು. ಭಾನುವಾರ ಎದ್ದ ಕೂಡಲೇ, ಬರಿ ನೀರಿನಲ್ಲಿ, ದೊಡ್ಡ ಲೋಟದ ತುಂಬ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನಂತೂ ಇದರ ಜೊತೆ ನುಂಗಲೇಬಾರದು, ಔಷಧಿ ಒಳಗೆ ಹೋಗದಂತೆ ತಡೆಯುತ್ತದೆ. ಈ ಮಾತು ಎಷ್ಟೋ ಜನರಿಗೆ ಯಾರೂ ಹೇಳಿರುವುದಿಲ್ಲ.

ಇನ್ನುಳಿದದ್ದು ಬೀಳದಂತೆ ನೋಡಿಕೊಳ್ಳುವುದು. ಬಚ್ಚಲಲ್ಲಿ ಹಿಡಿಕೆ ಹಾಕಿಸಿದೆ, ಜಾರುವ ಕಾಲೊರೆಸು ಎತ್ತಿಟ್ಟೆ, ಕಣ್ಣಿನ ಪೊರೆ ತೆಗೆಸಿಕೊಂಡೆ. ಕೈ ಊರದೆ ಕುರ್ಚಿಯಿಂದ ಏಳುವುದು, ಭಾರ ಎತ್ತುವುದು ವಾರಕ್ಕೆ ಎರಡು ದಿನ. ಭಾರದ ವ್ಯಾಯಾಮವನ್ನು ಬೆನ್ನುಮೂಳೆ ಕುಸಿದವರು ತಾವಾಗಿಯೇ ಶುರು ಮಾಡಬಾರದು, ಯಾರಾದರೂ ತಿಳಿದವರು ಎದುರಿಗಿರಲಿ. ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ದಿನವೂ ಇದೆ: ಅಡುಗೆಕಟ್ಟೆಯ ಅಂಚಿಗೆ ಎರಡು ಬೆರಳು ತಾಗಿಸಿಕೊಂಡು, ಹಾಲು ಉಕ್ಕುವವರೆಗೆ.

ಎರಡು ವರ್ಷದ ನಂತರ ಸ್ಕೋರ್ ಮೈನಸ್ 2.5. ಯಂತ್ರದ ಅಳತೆಯಲ್ಲೇ ಅಷ್ಟು ಏರುಪೇರು ಇರಬಹುದು, ಅದಕ್ಕೆ ಹಿಗ್ಗಲಿಲ್ಲ. ಮೊದಲು ಎಂಟು ಸೆಕೆಂಡಿಗೇ ಓಲಾಡಿ ಕಾಲು ಊರುತ್ತಿದ್ದವಳು ಈಗ ಮೂವತ್ತು ಸೆಕೆಂಡ್ ಕಟ್ಟೆ ಮುಟ್ಟದೆ ನಿಲ್ಲುತ್ತೇನೆ. ನನಗೆ ಧೈರ್ಯ ಕೊಟ್ಟಿದ್ದು ಅದು.